ಕನ್ನಡದ ಅಕ್ಷರ ಕಲೆಸುವ ಸ್ಕ್ರಿಪ್ಟ್: ಕಟ್ಟಿದ್ದು, ಸರಿಪಡಿಸಿದ್ದು, ಮನೆಯವರಿಂದ ಓದಿಸಿದ್ದು

ಮೊದಲು ಈ ಎರಡು ಸಾಲು ಓದಿ ನೋಡಿ. ಜೋರಾಗಿ ಓದಿದರೆ ಇನ್ನೂ ಒಳ್ಳೆಯದು.

ಮಗಾಳೆದಲಲ್ಲಿ ಆಬೆಗುಂಯ ರಯಸ್ತೆಲ್ಲಿ ಬೆಗಿಳನ ಹೊತ್ತು ಮಂಜು ಮುಕಿಸುತ್ತರುದೆ.

ಮಳಾಗೆಲದಲ್ಲಿ ಆಗೆಂಬುಯ ರಸ್ತಯೆಲ್ಲಿ ಬೆಳಿಗನ ಹೊತ್ತು ಮಂಜು ಮುಸಿಕುರುತ್ತದೆ.

ಎರಡೂ ಒಂದೇ ವಾಕ್ಯ. "ಮಳೆಗಾಲದಲ್ಲಿ ಆಗುಂಬೆಯ ರಸ್ತೆಯಲ್ಲಿ ಬೆಳಗಿನ ಹೊತ್ತು ಮಂಜು ಮುಸುಕಿರುತ್ತದೆ." ಮೊದಲನೆಯದರಲ್ಲಿ ಪ್ರತಿ ಪದದ ಮೊದಲ ಮತ್ತು ಕೊನೆಯ ಅಕ್ಷರ ಇದ್ದಲ್ಲೇ ಇವೆ, ನಡುವಿನವು ಮಾತ್ರ ಜಾಗ ಬದಲಿಸಿವೆ. ಎರಡನೆಯದರಲ್ಲಿ ವ್ಯಂಜನಗಳು ಕದಲಿಲ್ಲ, ಅವುಗಳ ಮೇಲಿನ ಸ್ವರಚಿಹ್ನೆಗಳು ಮಾತ್ರ ಅದಲುಬದಲಾಗಿವೆ. ನಿಮಗೂ ಎರಡನೆಯದೇ ಸಲೀಸಾಯಿತು ಅಂದುಕೊಳ್ಳುತ್ತೇನೆ. ನಾನು ಓದಲು ಕೊಟ್ಟವರಲ್ಲಿ ಬಹುತೇಕ ಎಲ್ಲರಿಗೂ ಹಾಗೇ ಆಯಿತು. ಈ ಸಾಲುಗಳನ್ನು ತಯಾರು ಮಾಡುವ ಸಣ್ಣ ಸ್ಕ್ರಿಪ್ಟನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಟ್ಟಿದ್ದು ಹೇಗೆ, ಎಲ್ಲೆಲ್ಲಿ ಕೈಕೊಟ್ಟಿತು, ಕಡೆಗೆ ಏನು ಕಾಣಿಸಿತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಆ ಹಳೇ ಇಂಗ್ಲಿಷ್ ಫಾರ್ವರ್ಡ್‌ನಿಂದ. ನಿಮಗೂ ಬಂದಿರುತ್ತದೆ. "ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆ ಪ್ರಕಾರ ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಾಗಿದ್ದರೆ ಸಾಕು, ನಡುವಿನವು ಹೇಗಿದ್ದರೂ ಓದಬಹುದು" ಅಂತ. ಆ ಮಾತನ್ನೇ ಕಲೆಸಿದ ಅಕ್ಷರಗಳಲ್ಲಿ ಬರೆದಿರುತ್ತಾರೆ, ನಾವೂ ಸಲೀಸಾಗಿ ಓದಿ ಬೆರಗಾಗುತ್ತೇವೆ. ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಅದು ಮತ್ತೆ ಬಂದಾಗ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಕನ್ನಡದಲ್ಲೂ ಹೀಗೇ ಆಗತ್ತೇನೋ?" ಅವರು ಇಡೀ ಜೀವಮಾನ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವರು. ಆ ಪ್ರಶ್ನೆಗೆ ಸುಮ್ನೆ "ಆಗಬಹುದು ಚಿಕ್ಕಮ್ಮ" ಅಂದು ಬಿಡೋಕೆ ಮನಸ್ಸಾಗಲಿಲ್ಲ.

ಆ ಫಾರ್ವರ್ಡ್ ಬಗ್ಗೆ ಮೊದಲು ಒಂದಿಷ್ಟು ಹೇಳಿಬಿಡುತ್ತೇನೆ, ಯಾಕಂದರೆ ಸ್ಕ್ರಿಪ್ಟ್ ಏನು ಮಾಡಬೇಕು ಅನ್ನೋದು ಇದರಿಂದಲೇ ಗೊತ್ತಾಗಿದ್ದು. ಅದು ಜೋರಾಗಿ ಹರಿದಾಡಿದ್ದು 2003ರ ಸೆಪ್ಟೆಂಬರ್‌ನಲ್ಲಿ, ಇಮೇಲ್ ಮೂಲಕ. ಕೇಂಬ್ರಿಜ್‌ನಲ್ಲಿ ಅಂಥ ಸಂಶೋಧನೆ ನಡೆದೇ ಇರಲಿಲ್ಲ. ಅಲ್ಲೇ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಮೆದುಳು ವಿಜ್ಞಾನ ಘಟಕದಲ್ಲಿ ಕೆಲಸ ಮಾಡುತ್ತಿದ್ದ ಮ್ಯಾಟ್ ಡೇವಿಸ್ ಎಂಬ ವಿಜ್ಞಾನಿ ಇದರ ಮೂಲ ಹುಡುಕಲು ಹೊರಟರು. ಆ ಹುಡುಕಾಟದಲ್ಲಿ ಗ್ರಹಾಂ ರಾಲಿನ್ಸನ್ ಎಂಬವರ ಪಿಎಚ್‌ಡಿ ಪ್ರಬಂಧದ ವಿಷಯ ಬೆಳಕಿಗೆ ಬಂತು. ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದ್ದು, 1976ರದ್ದು. ಅಂದರೆ ಕೆಲಸ ಆಗಿದ್ದು ನಿಜ, ಊರು ಬೇರೆ, ಕಾಲ ಬೇರೆ, ಮತ್ತು ಫಾರ್ವರ್ಡ್‌ನಲ್ಲಿ ಇರುವಷ್ಟು ಸರಳವೂ ಅಲ್ಲ.

"ಹೇಗಿದ್ದರೂ ಓದಬಹುದು" ಅನ್ನೋದನ್ನು ಆಮೇಲೆ ಸರಿಯಾಗಿ ಅಳೆದವರೂ ಇದ್ದಾರೆ. ಕೀತ್ ರೇನರ್ ಮತ್ತು ಜೊತೆಗಾರರು 2006ರಲ್ಲಿ ಕಣ್ಣಿನ ಚಲನೆ ದಾಖಲಿಸುವ ಯಂತ್ರದ ಮುಂದೆ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಓದಿಸಿದರು. ಸರಿಯಾದ ಇಂಗ್ಲಿಷ್ ವಾಕ್ಯಗಳನ್ನು ಓದುವ ವೇಗ ನಿಮಿಷಕ್ಕೆ 255 ಪದ. ಪದದ ನಡುವೆ ಅಕ್ಷರ ಅದಲುಬದಲಾದಾಗ 227. ಕೊನೆಯಲ್ಲಿ ಆದಾಗ 189. ಮೊದಲಲ್ಲೇ ಆದಾಗ 163. ಅರ್ಥ ಆಗುತ್ತದೆ, ಆದರೆ ಬಿಟ್ಟಿ ಅಲ್ಲ, ಪ್ರತಿಯೊಂದಕ್ಕೂ ಕಣ್ಣು ಹೆಚ್ಚು ಹೊತ್ತು ನಿಲ್ಲಬೇಕು. ನನಗೆ ಈ ಅಂಕಿಗಳು ಆ ಫಾರ್ವರ್ಡ್‌ಗಿಂತ ಎಷ್ಟೋ ಜಾಸ್ತಿ ಕುತೂಹಲ ಹುಟ್ಟಿಸಿದವು. ಮೊದಲಕ್ಷರ ಹೋದರೆ ಯಾಕೆ ಅಷ್ಟು ಏಟು? ಪದದ ಅಂಚಿನ ಅಕ್ಷರಕ್ಕೆ ಒಂದು ಪಕ್ಕ ಖಾಲಿ ಇರುತ್ತದೆ, ಹಾಗಾಗಿ ಅದು ಕಣ್ಣಿಗೆ ಸ್ಪಷ್ಟ. ನಡುವಿನವು ಎರಡೂ ಪಕ್ಕದಿಂದ ಒತ್ತರಿಸಿಕೊಂಡು ನಿಂತಿರುತ್ತವೆ. ಅವುಗಳ ಗುರುತು ಸಿಕ್ಕರೂ ಜಾಗ ಅಷ್ಟು ಕರಾರುವಾಕ್ಕಾಗಿ ಸಿಗುವುದಿಲ್ಲ.

ಸರಿ, ಕನ್ನಡಕ್ಕೆ ಬರೋಣ.

ಸ್ಕ್ರಿಪ್ಟ್‌ನ ಮೊದಲ ರೂಪ ಹತ್ತು ಸಾಲೂ ಇರಲಿಲ್ಲ. ಪದ ತಗೋ, ಮೊದಲ ಮತ್ತು ಕೊನೆಯ ಅಕ್ಷರ ತೆಗೆದಿಡು, ಉಳಿದದ್ದನ್ನು ಕಲೆಸು, ಮತ್ತೆ ಜೋಡಿಸು. ಇಂಗ್ಲಿಷ್‌ಗೆ ಇಷ್ಟು ಸಾಕು. ಕನ್ನಡ ಕೊಟ್ಟ ತಕ್ಷಣ ಪರದೆ ತುಂಬ ಚುಕ್ಕಿ ಚುಕ್ಕಿ ವೃತ್ತಗಳು. ಕಾರಣ ಸರಳ. ಕಂಪ್ಯೂಟರ್‌ಗೆ "ಬೆಂಗಳೂರು" ಅಂದರೆ ನಾಲ್ಕು ಅಕ್ಷರ ಅಲ್ಲ, ಎಂಟು ಸಂಕೇತ: ಬ, ಎತ್ವ, ಸೊನ್ನೆ, ಗ, ಳ, ಊಕಾರದ ಕೊಂಬು, ರ, ಉಕಾರದ ಕೊಂಬು. ಇದನ್ನು ಕಲೆಸಿದರೆ ಸೊನ್ನೆಯ ಹಿಂದೆ ಎತ್ವ ಬಂದು ನಿಲ್ಲುತ್ತದೆ, ಹತ್ತಿಕೊಳ್ಳಲು ವ್ಯಂಜನವೇ ಇಲ್ಲ, ಫಾಂಟ್ ಅಲ್ಲಿ ಚುಕ್ಕಿ ವೃತ್ತ ತೋರಿಸುತ್ತದೆ. ಇನ್ನೊಂದು ವಿಚಿತ್ರ, ಎತ್ವದ ಬೆನ್ನಿಗೇ ಊಕಾರದ ಕೊಂಬು ಬಂದರೆ ಎರಡೂ ಸೇರಿ ಒಕಾರ ಆಗಿಬಿಡುತ್ತದೆ, ಯೂನಿಕೋಡ್‌ನಲ್ಲಿ ಒಕಾರದ ವ್ಯಾಖ್ಯಾನವೇ ಹಾಗಿದೆ. "ಕನ್ನಡ" ಇನ್ನೂ ಚೆನ್ನ. ಕ, ನ, ಹಲಂತ, ನ, ಡ ಅಂತ ಐದು ಸಂಕೇತ, ಕಲೆಸಿದಾಗ ಹಲಂತ ಮುಂದೆ ಬಂದು ಕಕಾರಕ್ಕೆ ಅಂಟಿಕೊಂಡು "ಕ್ನನಡ" ಆಯಿತು.

ಹಾಗಾಗಿ ಮೊದಲ ಕೆಲಸ ಕಲೆಸುವುದಲ್ಲ, ಬಿಡಿಸುವುದು. ಪದವನ್ನು ನಾವು ಬಾಯಲ್ಲಿ ಹೇಳುವ ಅಕ್ಷರಗಳಾಗಿ ಬಿಡಿಸಬೇಕು. ಪಠ್ಯದಲ್ಲಿ ಹುಡುಕಾಟ ಮಾಡುವ ಪೈಥಾನ್‌ನ ರೆಜೆಕ್ಸ್ ಪ್ಯಾಕೇಜ್‌ನಲ್ಲಿ ಇದಕ್ಕಂತಲೇ ಇರುವ ಒಂದು ಸಂಜ್ಞೆ ಬಳಸಿ ನೋಡಿದೆ. ಗುಣಿತಾಕ್ಷರಗಳನ್ನು ಅದು ಚೆನ್ನಾಗಿ ಹಿಡಿಯಿತು. ಒತ್ತಕ್ಷರ ಬಂದಾಗ ಮಾತ್ರ ಹಲಂತದ ಹತ್ತಿರ ಕಡಿದುಹಾಕಿತು, "ಕ್ಷ" ಎರಡು ತುಂಡಾಯಿತು. ಅದು ಸರಿಯಾಗಲಿ ಅಂತ ಕಾಯುವುದಕ್ಕಿಂತ ನಿಯಮ ನಾನೇ ಬರೆಯುವುದು ವಾಸಿ ಅನ್ನಿಸಿತು. ನಿಯಮ ಹೀಗಿದೆ: ವ್ಯಂಜನ ಮತ್ತು ಹಲಂತದ ಜೋಡಿ ಎಷ್ಟು ಬೇಕಾದರೂ ಬರಬಹುದು, ಆಮೇಲೆ ಒಂದು ವ್ಯಂಜನ, ಆಮೇಲೆ ಇದ್ದರೆ ಒಂದು ಸ್ವರಚಿಹ್ನೆ, ಆಮೇಲೆ ಇದ್ದರೆ ಸೊನ್ನೆ ಅಥವಾ ವಿಸರ್ಗ. ಇಲ್ಲವೇ ಬಿಡಿ ಸ್ವರ, ಅದರ ಮೇಲೂ ಸೊನ್ನೆ ಇರಬಹುದು. ಇಲ್ಲವೇ ಹಲಂತದಲ್ಲೇ ಮುಗಿಯುವ ಅರ್ಧಾಕ್ಷರ, "ಬಸ್", "ಕಂಪ್ಯೂಟರ್" ಇಂಥವುಗಳ ಕೊನೆ. ಇಷ್ಟಾದ ಮೇಲೆ "ವಿಶ್ವವಿದ್ಯಾಲಯ" ಕೊಟ್ಟರೆ ವಿ, ಶ್ವ, ವಿ, ದ್ಯಾ, ಲ, ಯ ಅಂತ ಅಚ್ಚುಕಟ್ಟಾಗಿ ಬಂತು. "ಸ್ತ್ರೀ" ಒಂದೇ ಅಕ್ಷರ. ಅದನ್ನು ನೋಡಿ ನಿಜವಾಗಿಯೂ ಖುಷಿಯಾಯಿತು.

ಒಂದು ಎಚ್ಚರಿಕೆ, ನೀವೂ ಮಾಡಿದರೆ ಬೇಕಾಗುತ್ತದೆ. ಬೇರೆ ಬೇರೆ ಕಡೆಯಿಂದ ತಂದ ಪಠ್ಯದಲ್ಲಿ "ಕೋ" ಒಂದು ಕಡೆ ಒಂದೇ ಸ್ವರಚಿಹ್ನೆಯಾಗಿ ಇರುತ್ತದೆ, ಇನ್ನೊಂದು ಕಡೆ ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿ ಇರಬಹುದು. ಕಣ್ಣಿಗೆ ಎರಡೂ ಒಂದೇ. ಬಿಡಿಸುವ ಮೊದಲೇ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಜೋಡಿಸುವ ಯೂನಿಕೋಡ್ ರೂಪಕ್ಕೆ, ತಂದುಬಿಡಿ, ತಲೆನೋವು ಅಲ್ಲೇ ಮುಗಿಯುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿ ಟೈಪ್ ಮಾಡಿದ ಕಡತವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಅದು ಬೇರೆಯದೇ ಕೆಲಸ. ನಾನು ಅದರ ತಂಟೆಗೆ ಹೋಗದೆ ಕನ್ನಡ ವಿಕಿಪೀಡಿಯದ ಪಠ್ಯ ಮತ್ತು ನಾನೇ ಬರೆದ ಸಾದಾ ವಾಕ್ಯಗಳನ್ನು ತಗೊಂಡೆ.

ಇನ್ನು "ಬಸ್‌ನಲ್ಲಿ" ಥರದ ಪದಗಳು. ಇಲ್ಲಿ ಸಕಾರ ಮತ್ತು ನಕಾರ ಅಂಟಿಕೊಳ್ಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಝಡ್‌ಡಬ್ಲ್ಯೂಎನ್‌ಜೆ. ಪಠ್ಯ ಶುಚಿ ಮಾಡುವ ಎಷ್ಟೋ ಪ್ರೋಗ್ರಾಂಗಳು ಇದನ್ನು ಕಸ ಅಂತ ಗುಡಿಸಿ ಹಾಕುತ್ತವೆ, ಆಗ "ಬಸ್ನಲ್ಲಿ" ಆಗುತ್ತದೆ. ನನ್ನ ನಿಯಮದಲ್ಲಿ ಹಲಂತದ ಜೊತೆ ಇದನ್ನೂ ಸೇರಿಸಿ ಒಂದೇ ಅಕ್ಷರವಾಗಿ ಹಿಡಿದೆ. ಕೊನೆಯ ಅಕ್ಷರವನ್ನೂ ಬಿಡದೆ ಕಲೆಸಿದಾಗ ಅರ್ಧಾಕ್ಷರ ಪದದ ಕೊನೆಯಿಂದ ನಡುವಿಗೆ ಬರುವ ಸಂದರ್ಭದಲ್ಲಿ ಸ್ಕ್ರಿಪ್ಟ್ ತಾನೇ ಒಂದು ಝಡ್‌ಡಬ್ಲ್ಯೂಎನ್‌ಜೆ ಸೇರಿಸುತ್ತದೆ. ಇಲ್ಲದಿದ್ದರೆ "ರ್" ಹೋಗಿ ಪಕ್ಕದ ಟಕಾರಕ್ಕೆ ಅರ್ಕಾವತ್ತಾಗಿ ಅಂಟಿಕೊಂಡು, ಎರಡು ಅಕ್ಷರ ಒಂದಾಗಿ, ಎಣಿಕೆಯೇ ತಪ್ಪುತ್ತದೆ.

ಈಗ ಕಲೆಸಿದೆ. ಇಲ್ಲೇ ವಿಷಯ ಮಜಾ ಕೊಡಲು ಶುರುವಾಗಿದ್ದು.

ಮೊದಲ ಸಂಗತಿ, ಕನ್ನಡದ ಬಹಳಷ್ಟು ಪದಗಳನ್ನು ಈ ನಿಯಮದಲ್ಲಿ ಕಲೆಸೋಕೇ ಆಗುವುದಿಲ್ಲ. ಮನೆ, ಮರ, ನೀರು, ಊಟ ಎರಡೆರಡೇ ಅಕ್ಷರ. ಮೈಸೂರು, ಹುಬ್ಬಳ್ಳಿ, ಉಡುಪಿ ಮೂರು ಅಕ್ಷರ, ನಡುವೆ ಇರುವುದು ಒಂದೇ. ಕಲೆಸಲು ಕನಿಷ್ಠ ನಾಲ್ಕು ಬೇಕು, ನಾಲ್ಕಿದ್ದರೂ ಒಂದೇ ಒಂದು ಅದಲುಬದಲು ಸಾಧ್ಯ. ಶಿವಮೊಗ್ಗ "ಶಿಮೊವಗ್ಗ" ಆಗುತ್ತದೆ, ಕರ್ನಾಟಕ "ಕಟರ್ನಾಕ" ಆಗುತ್ತದೆ, ಅಷ್ಟೇ. ಇಂಗ್ಲಿಷ್ ಫಾರ್ವರ್ಡ್‌ಗೂ ಇದೇ ಗುಟ್ಟು ಸಹಾಯ ಮಾಡಿದೆ, ಎರಡು ಮೂರು ಅಕ್ಷರದ ಸಣ್ಣ ಪದಗಳೆಲ್ಲ ಅಲ್ಲಿ ಸರಿಯಾಗಿಯೇ ಉಳಿದಿವೆ, ವಾಕ್ಯದ ಅಸ್ಥಿಪಂಜರ ಅವೇ. ಆದರೆ ಅಲ್ಲಿ ಐದಾರು ಅಕ್ಷರದ ಪದದಲ್ಲಿ ಪಕ್ಕಪಕ್ಕದ ಎರಡು ಅಕ್ಷರ ಬದಲಾದರೆ ಅದು ಸಣ್ಣ ಗಾಯ. ನಮ್ಮಲ್ಲಿ ಒಂದು ಅಕ್ಷರದೊಳಗೇ ವ್ಯಂಜನ, ಒತ್ತು, ಸ್ವರ, ಸೊನ್ನೆ ಎಲ್ಲ ತುಂಬಿರುತ್ತದೆ. ಇಂಗ್ಲಿಷ್‌ನಲ್ಲಿ ಒಂಬತ್ತು ಅಕ್ಷರದಲ್ಲಿ ಬರೆಯುವ ಬೆಂಗಳೂರನ್ನು ನಾವು ನಾಲ್ಕರಲ್ಲಿ ಮುಗಿಸುತ್ತೇವೆ. ಅದರಲ್ಲಿ ನಡುವಿನ ಎರಡನ್ನು ಕದಲಿಸಿ "ಬೆಂಳೂಗರು" ಮಾಡಿದರೆ ಅರ್ಧ ಪದವೇ ಕದಲಿದ ಹಾಗೆ.

ಮೊದಲ ಕೊನೆಯ ಅಕ್ಷರವನ್ನೂ ಬಿಡದೆ ಎಲ್ಲ ಕಲೆಸಿದರೆ ಇನ್ನೂ ಅಪಾಯ. "ನದಿ" ತಿರುಗಿದರೆ "ದಿನ". "ಸರ" ತಿರುಗಿದರೆ "ರಸ". "ವನ" ತಿರುಗಿದರೆ "ನವ". ಇವೆಲ್ಲ ಒಳ್ಳೆಯ ಕನ್ನಡ ಪದಗಳೇ, ಓದುವವರಿಗೆ ಏನೋ ತಪ್ಪಾಗಿದೆ ಅಂತ ಸುಳಿವೇ ಸಿಗುವುದಿಲ್ಲ. ನಡುವೆ ಮಾತ್ರ ಕಲೆಸಿದಾಗಲೂ ಇಂಥದ್ದು ಒಂದು ಎದುರಾಯಿತು, ಅದನ್ನು ಪೂರ್ತಿ ಹೇಳಲೇಬೇಕು. "ಚಿಕ್ಕಮಗಳೂರು" ಪದವನ್ನು ಸ್ಕ್ರಿಪ್ಟ್ "ಚಿಮಕ್ಕಳೂಗರು" ಮಾಡಿ ಕೊಟ್ಟಿತು. ಅಕ್ಷರಗಳೆಲ್ಲ ಇವೆ, ಚಿ ಮೊದಲಲ್ಲೇ ಇದೆ, ರು ಕೊನೆಯಲ್ಲೇ ಇದೆ. ಆದರೆ ಓದಿದ ಪ್ರತಿಯೊಬ್ಬರ ಕಣ್ಣೂ ನಡುವಿನ "ಮಕ್ಕಳೂ" ಮೇಲೆ ಹೋಗಿ ಸಿಕ್ಕಿಕೊಂಡಿತು. ಚಿಕ್ಕಮ್ಮ ಮೂರು ಸಲ ಓದಿ "ಏನೋ ಇದು, ಯಾವ ಮಕ್ಕಳೋ?" ಅಂದರು. "ಊರಿನ ಹೆಸರು ಚಿಕ್ಕಮ್ಮ" ಅಂದ ಮೇಲೆ ಒಂದೇ ಕ್ಷಣದಲ್ಲಿ ಹೊಳೆಯಿತು. ಅಂದರೆ ಅಕ್ಷರಗಳ ಅಭಾವ ಅಲ್ಲ ತೊಂದರೆ. ಒಳಗೆ ಇನ್ನೊಂದು ಪರಿಚಯದ ಪದ ತಲೆ ಎತ್ತಿದರೆ ಮನಸ್ಸು ಅದನ್ನೇ ಹಿಡಿದುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಹೊರಗಿನ ಸುಳಿವು ಬೇಕು. ಇದಾದ ಮೇಲೆ ಸ್ಕ್ರಿಪ್ಟ್‌ಗೆ ಒಂದು ಪರೀಕ್ಷೆ ಸೇರಿಸಿದೆ: ಕಲೆಸಿದ ಪದದ ಒಳಗೆ ಮೂರಕ್ಕಿಂತ ಹೆಚ್ಚು ಸಂಕೇತಗಳ ಬೇರೆ ಪದ ಸಿಕ್ಕರೆ ಮತ್ತೆ ಕಲೆಸು. ಜೊತೆಗೆ ಕಲೆಸಿಯೂ ಮೊದಲಿನಂತೆಯೇ ಉಳಿದರೆ ಕೂಡ ಮತ್ತೆ ಕಲೆಸು, ಯಾದೃಚ್ಛಿಕ ಕಲೆಸುವಿಕೆಯಲ್ಲಿ ಅದು ಆಗಾಗ ಆಗುತ್ತದೆ.

ಆಮೇಲೆ ಪ್ರತ್ಯಯಗಳು. ನಾನು ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ, ಮತ್ತು ಕನ್ನಡಕ್ಕೆ ಆ ಫಾರ್ವರ್ಡ್‌ನ ನಿಯಮ ಯಾಕೆ ಹಾಗೇ ಒಗ್ಗುವುದಿಲ್ಲ ಅನ್ನೋದು ನನಗೆ ಗಟ್ಟಿಯಾಗಿ ಅನ್ನಿಸಿದ್ದೂ ಇಲ್ಲೇ. ನಮ್ಮ ಪದಗಳು ಉದ್ದವಾಗುವುದೇ ಬಾಲದಿಂದ. ಮಳೆಗಾಲ, ಮಳೆಗಾಲದಲ್ಲಿ, ಮಳೆಗಾಲದಿಂದ, ಮಳೆಗಾಲದಲ್ಲಿಯೂ. ಕೊನೆಯ ಒಂದು ಅಕ್ಷರ ಮಾತ್ರ ಉಳಿಸಿದರೆ "ದಲ್ಲಿ"ಯ ದಕಾರ ಹೋಗಿ ಪದದ ಮೂಲದೊಳಗೆ ಸೇರಿಕೊಳ್ಳುತ್ತದೆ, ಮೂಲದ ಲಕಾರ ಬಂದು ಪ್ರತ್ಯಯದ ಪಕ್ಕ ಕೂರುತ್ತದೆ. "ಮಗಾಳೆದಲಲ್ಲಿ" ಅಂದಾಗ ಪದ ಎಲ್ಲಿ ಮುಗಿಯಿತು, ವಿಭಕ್ತಿ ಎಲ್ಲಿ ಶುರುವಾಯಿತು ಅನ್ನೋದೇ ಅಳಿಸಿಹೋಗಿದೆ. ಪ್ರತ್ಯಯವನ್ನು ಮುಟ್ಟದೆ ಮೂಲವನ್ನು ಮಾತ್ರ ಕಲೆಸಿ ನೋಡಿ:

ಮಗಾಳೆಲದಲ್ಲಿ ಆಗುಂಬೆಯ ರಸ್ತೆಯಲ್ಲಿ ಬೆಗಿಳನ ಹೊತ್ತು ಮಂಜು ಮುಕಿಸುರುತ್ತದೆ.

ಎಷ್ಟು ವ್ಯತ್ಯಾಸ ಅಲ್ವಾ. "ಆಗುಂಬೆ" ಮತ್ತು "ರಸ್ತೆ" ಮೂಲದಲ್ಲೇ ಚಿಕ್ಕವು, ಹಾಗಾಗಿ ಪೂರ್ತಿ ಬಚಾವಾದವು, ಅದೂ ಒಂದು ಕಾರಣ ನಿಜ. ಆದರೆ "ಮಗಾಳೆಲದಲ್ಲಿ" ಒಂದನ್ನೇ ತಗೊಂಡರೂ ಮೊದಲಿಗಿಂತ ಬೇಗ ಹೊಳೆಯುತ್ತದೆ. ಕೊನೆಯಲ್ಲಿ "ದಲ್ಲಿ" ಕಂಡ ಕೂಡಲೇ ಇದು ಯಾವುದೋ ಜಾಗ ಅಥವಾ ಕಾಲ ಅಂತ ಮನಸ್ಸು ಅರ್ಧ ದಾರಿ ನಡೆದಿರುತ್ತದೆ.

ಇದನ್ನು ಸ್ಕ್ರಿಪ್ಟ್‌ನಲ್ಲಿ ಮಾಡಿದ್ದು ಹೀಗೆ. ಸಾಮಾನ್ಯ ಪ್ರತ್ಯಯಗಳ ಪಟ್ಟಿ ಬರೆದೆ: ದಲ್ಲಿ, ಯಲ್ಲಿ, ನಲ್ಲಿ, ದಿಂದ, ಯಿಂದ, ವನ್ನು, ಯನ್ನು, ಗಳು, ಗಳನ್ನು, ಗಳಲ್ಲಿ, ತ್ತದೆ, ತ್ತಾರೆ, ಹೀಗೆ. ಉದ್ದದ್ದು ಮೊದಲು ಹುಡುಕಬೇಕು, ಇಲ್ಲದಿದ್ದರೆ "ಗಳನ್ನು" ಸಿಗುವ ಮೊದಲೇ ಬೇರೆ ತುಂಡು ಸಿಕ್ಕಿಬಿಡುತ್ತದೆ. ಹುಡುಕುವುದು ಅಕ್ಷರಗಳಾಗಿ ಬಿಡಿಸಿದ ಮೇಲೆಯೇ. "ಉತ್ತದೆ" ಅಂತ ವ್ಯಾಕರಣದ ಪ್ರಕಾರ ಹುಡುಕಿದರೆ ಸಿಗುವುದಿಲ್ಲ, ಉಕಾರ ಹಿಂದಿನ ವ್ಯಂಜನಕ್ಕೆ ಹತ್ತಿಕೊಂಡಿರುತ್ತದೆ, ಹಾಗಾಗಿ "ತ್ತದೆ" ಅಂತ ಹುಡುಕಬೇಕು. "ಬೆಳದಿಂಗಳು" ಕೊನೆಯಲ್ಲಿ "ಗಳು" ಇದೆ ಅಂತ ಸ್ಕ್ರಿಪ್ಟ್ ಅದನ್ನು ಬಹುವಚನ ಅಂದುಕೊಂಡು ಇಡೀ ಪದವನ್ನೇ ಮುಟ್ಟದೆ ಬಿಟ್ಟಿತು. ಅಂಥವಕ್ಕೆ ಒಂದು ವಿನಾಯಿತಿ ಪಟ್ಟಿ. ವ್ಯಾಕರಣ ಶುದ್ಧವಾದ ವಿಧಾನ ಇದಲ್ಲ, ಆದರೆ ಓದಿಸುವ ಹಾಳೆ ತಯಾರಿಸಲು ಧಾರಾಳವಾಗಿ ಸಾಕು.

ಹೀಗೆ ಭಾಷೆಯ ಕಟ್ಟಡವೇ ಓದಿನ ಸಲೀಸನ್ನು ನಿರ್ಧರಿಸುತ್ತದೆ ಅನ್ನೋದಕ್ಕೆ ಹೀಬ್ರೂ ಭಾಷೆಯ ಕೆಲಸ ನನಗೆ ತುಂಬಾ ಇಷ್ಟವಾದದ್ದು. ಹದಸ್ ವೆಲಾನ್ ಮತ್ತು ರಾಮ್ ಫ್ರಾಸ್ಟ್ 2007ರಲ್ಲಿ ಹೀಬ್ರೂ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಎರಡೂ ಭಾಷೆಯ ಅಕ್ಷರ ಕದಲಿಸಿದ ವಾಕ್ಯಗಳನ್ನು ತೋರಿಸಿದರು. ಇಂಗ್ಲಿಷ್‌ನಲ್ಲಿ ಅವರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ. ಅದೇ ಜನ ಹೀಬ್ರೂನಲ್ಲಿ ಮುಗ್ಗರಿಸಿದರು. ಹೀಬ್ರೂನಲ್ಲಿ ಬಹುತೇಕ ಪದಗಳ ಒಳಗೆ ಮೂರು ವ್ಯಂಜನಗಳ ಧಾತು ಇರುತ್ತದೆ, ಆ ಮೂರರ ಕ್ರಮ ಬದಲಾದರೆ ಬೇರೆಯೇ ಧಾತು ಆಗಿಬಿಡಬಹುದು. ಹಾಗಾಗಿ ಆ ಓದುಗರ ಕಣ್ಣು ಕ್ರಮದ ವಿಷಯದಲ್ಲಿ ಬಹಳ ಬಿಗಿ. ಒಂದೇ ಮೆದುಳು, ಎರಡು ಲಿಪಿ, ಎರಡು ಥರದ ಓದು. ಕನ್ನಡದ್ದು ಈ ಎರಡರ ಹಾಗೂ ಅಲ್ಲದ ಮೂರನೇ ಥರ ಅಂತ ನನ್ನ ಅನ್ನಿಸಿಕೆ.

ಆ ಅನ್ನಿಸಿಕೆಗೆ ಕಾರಣ ಸ್ವರಚಿಹ್ನೆಯ ಮೋಡ್. ಮೇಲೆ ಕೊಟ್ಟ ಎರಡನೇ ಸಾಲು ಬಂದದ್ದು ಅದರಿಂದ. ಪ್ರತಿ ಅಕ್ಷರವನ್ನು ವ್ಯಂಜನ ಭಾಗ, ಸ್ವರಚಿಹ್ನೆ ಅಂತ ಎರಡು ಮಾಡಿ, ವ್ಯಂಜನ, ಒತ್ತು, ಸೊನ್ನೆ ಇದ್ದಲ್ಲೇ ಬಿಟ್ಟು ಸ್ವರಚಿಹ್ನೆಗಳನ್ನು ಮಾತ್ರ ಅದಲುಬದಲು ಮಾಡುವುದು. ಅಕಾರಕ್ಕೆ ಚಿಹ್ನೆ ಇಲ್ಲ, ಅದನ್ನು ಖಾಲಿ ಚಿಹ್ನೆ ಅಂತ ಲೆಕ್ಕ ಹಿಡಿಯಬೇಕು. ಬೆಂಗಳೂರು ಆಗ "ಬೆಂಗೂಳರು". ಇದನ್ನು ಓದುವಾಗ ಯಾರೂ ತಡವರಿಸಲಿಲ್ಲ. ಕೆಲವರು ಅದು ತಪ್ಪಾಗಿದೆ ಅಂತ ಗಮನಿಸದೇ ಸರಿಯಾಗಿ ಓದಿ ಮುಂದೆ ಹೋದರು. ಚಿಕ್ಕಮ್ಮ ಮಾತ್ರ ಪ್ರತಿಯೊಂದು ತಪ್ಪನ್ನೂ ಗುರುತು ಮಾಡಿದರು, ಅದು ಅವರ ವೃತ್ತಿಯ ಕಣ್ಣು.

ಬಿಟ್ಟುಹೋದ ಅಕ್ಷರಗಳಿಗೂ ಇದೇ ಮೋಡ್‌ನ ಇನ್ನೊಂದು ರೂಪ. ಸ್ವರಚಿಹ್ನೆ ಎಲ್ಲ ಕಿತ್ತುಹಾಕಿದರೆ: "ಮಳಗಲದಲ್ಲ ಆಗಂಬಯ ರಸ್ತಯಲ್ಲ ಬಳಗನ ಹತ್ತ ಮಂಜ ಮಸಕರತ್ತದ." ಒಂದೊಂದೇ ಪದ ಕೊಟ್ಟರೆ ಕಷ್ಟ, "ಹತ್ತ" ಅಂದರೆ ಹತ್ತು, ಹತ್ತಿ, ಹೊತ್ತು, ಹುತ್ತ ಏನು ಬೇಕಾದರೂ ಆಗಬಹುದು. ವಾಕ್ಯದೊಳಗೆ ಇಟ್ಟರೆ ಹೇಗೋ ದಾರಿ ಸಿಗುತ್ತದೆ. ಒತ್ತಕ್ಷರ ಮಾತ್ರ ಕಿತ್ತರೆ ಏನೂ ಆಗಿಲ್ಲವೇನೋ ಎಂಬಷ್ಟು ಸಲೀಸು: "ಮಳೆಗಾಲದಲಿ", "ಹೊತು", "ಮುಸುಕಿರುತದೆ". ಊರೂರಿನ ಫ್ಲೆಕ್ಸ್‌ಗಳಲ್ಲಿ ಒತ್ತು ಬೇರೆ, ಅಕ್ಷರ ಬೇರೆ ಆಗಿ ಹಲಂತ ಎದ್ದು ನಿಂತಿರುವುದನ್ನು ನೋಡಿರುತ್ತೀರಿ. ಕನ್ನಡ ಜೋಡಿಸಲು ಬಾರದ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಹಳೇ ಆಂಡ್ರಾಯ್ಡ್ ಫೋನ್‌ಗಳಲ್ಲೂ ಹಾಗೇ ಕಾಣುತ್ತಿತ್ತು. ನಾವು ಬೇಜಾರು ಮಾಡಿಕೊಂಡರೂ ಓದಿಯೇ ಓದುತ್ತಿದ್ದೆವು. ಆ ಬೇಜಾರು ನ್ಯಾಯವಾದದ್ದೇ. ಓದಲು ಆಗುತ್ತದೆ ಅನ್ನೋದು ಹಾಗೇ ಬಿಡಲು ಕಾರಣ ಆಗಬಾರದು, ಓದುವವರು ಪ್ರತಿ ಪದಕ್ಕೂ ಸ್ವಲ್ಪ ಸ್ವಲ್ಪ ದುಡಿಯುತ್ತಿರುತ್ತಾರೆ.

ಕೊನೆಯದಾಗಿ ಅರ್ಧ ಮುಚ್ಚಿದ ಸಾಲು. ಎಡ್ಮಂಡ್ ಹ್ಯೂಯಿ 1908ರಲ್ಲೇ ಬರೆದಿದ್ದರು, ಇಂಗ್ಲಿಷ್ ಸಾಲಿನ ಕೆಳಗಿನ ಅರ್ಧ ಮುಚ್ಚಿದರೆ ಓದಬಹುದು, ಮೇಲಿನ ಅರ್ಧ ಮುಚ್ಚಿದರೆ ಕಷ್ಟ ಅಂತ. ಕನ್ನಡದಲ್ಲಿ ನೋಡಲು ಪಠ್ಯವನ್ನು ಚಿತ್ರವಾಗಿ ಮಾಡಿ ಅರ್ಧ ಬಿಳಿ ಬಳಿಯಬೇಕು. ಪೈಥಾನ್‌ನಲ್ಲಿ ಚಿತ್ರ ಮಾಡುವ ಪಿಲ್ಲೋದಲ್ಲಿ, ರಾಕ್ಮ್ ಎಂಬ ಅಕ್ಷರ ಜೋಡಣೆಯ ಲೈಬ್ರರಿ ಇಲ್ಲದೆ ಕನ್ನಡ ಬರೆಸಿದರೆ ಒತ್ತುಗಳೆಲ್ಲ ಚೆಲ್ಲಾಪಿಲ್ಲಿ, ಅದನ್ನು ಹಾಕಿಕೊಂಡ ಮೇಲೆ ನೋಟೊ ಸಾನ್ಸ್ ಕನ್ನಡ ಫಾಂಟ್ ಸರಿಯಾಗಿ ಬಂತು. ಎಲ್ಲಿ ಕತ್ತರಿಸಬೇಕು ಅನ್ನೋದು ಮುಖ್ಯ. ಇಡೀ ಸಾಲಿನ ಎತ್ತರದ ಅರ್ಧಕ್ಕೆ ಕತ್ತರಿಸಿದರೆ ಒತ್ತಕ್ಷರ ಇದ್ದ ಸಾಲಿನಲ್ಲಿ ಗೆರೆ ಕೆಳಗೆ ಜಾರುತ್ತದೆ. ಹಾಗಾಗಿ ಬರೀ "ರ" ಅಕ್ಷರದ ಎತ್ತರ ಅಳೆದು, ಅದರ ನಡುವಿಗೆ ಗೆರೆ ಹಾಕಿದೆ.

ಕೆಳಗಿನ ಅರ್ಧ ಮುಚ್ಚಿದಾಗ "ಕತೆ" ಮತ್ತು "ಕತ್ತೆ" ಎರಡೂ ಒಂದೇ. ಒತ್ತೆಲ್ಲ ಕೆಳಗೆ ತಾನೇ ಇರುವುದು. ದ ಮತ್ತು ಧ, ಪ ಮತ್ತು ಫ ನಡುವಿನ ವ್ಯತ್ಯಾಸವೂ ಮಾಯ, ಮಹಾಪ್ರಾಣದ ಸೀಳು ಹೊಟ್ಟೆಯ ಕೆಳಗಿರುತ್ತದೆ. ಮೇಲಿನ ಅರ್ಧ ಮುಚ್ಚಿದಾಗ ಇನ್ನೊಂದು ಥರ: ಮರ, ಮರಿ, ಮರೆ ಮೂರೂ ಒಂದೇ, ತಲೆಕಟ್ಟು, ಗುಡಿಸು, ಎತ್ವ ಮೂರೂ ತಲೆಯ ಮೇಲೆ ಕೂರುವಂಥವು. ಅಂದರೆ ನಮ್ಮ ಲಿಪಿಯಲ್ಲಿ ಮೇಲಿನ ಅರ್ಧ ಬಹುಮಟ್ಟಿಗೆ ಸ್ವರದ್ದು, ಕೆಳಗಿನ ಅರ್ಧ ಒತ್ತಿನದ್ದು, ನಡುವಿನ ಹೊಟ್ಟೆ ವ್ಯಂಜನದ್ದು. ಇಂಗ್ಲಿಷ್‌ನ ಹಾಗೆ ಮೇಲರ್ಧಕ್ಕೆ ಸ್ಪಷ್ಟ ಗೆಲುವು ನನಗೆ ಕಾಣಿಸಲಿಲ್ಲ. ತಲೆಕಟ್ಟುಗಳ ಸಾಲೇ ಕಾಣುವ ಕಡೆ ಒಂದರಂತೆ ಇನ್ನೊಂದು, ಖ, ಜ, ಟ, ಣ, ಬ, ಲ ಥರ ತಲೆಕಟ್ಟಿಲ್ಲದ ಅಕ್ಷರ ಬಂದಲ್ಲಿ ಮಾತ್ರ ಕಣ್ಣಿಗೆ ಆಸರೆ ಸಿಗುತ್ತಿತ್ತು.

ಓದಿಸಿದ್ದು ಮನೆಯಲ್ಲಿ, ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು, ಫೋನ್‌ನಲ್ಲಿ ಧ್ವನಿ ದಾಖಲಿಸಿಕೊಂಡು. ಜೋರಾಗಿ ಓದುವುದು ಮೌನ ಓದಿಗಿಂತ ನಿಧಾನ, ಹಾಗಾಗಿ ರೇನರ್ ಅವರ ಅಂಕಿಗಳ ಪಕ್ಕ ಇದನ್ನಿಟ್ಟು ಹೋಲಿಸಲು ಬರುವುದಿಲ್ಲ. ಆದರೆ ಎಲ್ಲಿ ತಡವರಿಸಿದರು ಅನ್ನೋದು ಧ್ವನಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಕಿವಿಗೊಟ್ಟು ಕೇಳುತ್ತಾ ಹಾಳೆಯ ಮೇಲೆ ಪೆನ್ಸಿಲ್ ಗುರುತು ಹಾಕಿಕೊಂಡೆ. ನನ್ನ ಮನಸ್ಸಿಗೆ ಅತಿ ಹೆಚ್ಚು ನಾಟಿದ್ದು ಅಕ್ಕನ ಮಗಳು ಓದಿದ ರೀತಿ. ಅವಳು ಐದನೇ ತರಗತಿ. "ಮಗಾಳೆಲದಲ್ಲಿ" ಅಂತ ಬರೆದದ್ದನ್ನು ಅವಳು ಬರೆದಂತೆಯೇ, ಒಂದು ಅಕ್ಷರವೂ ತಪ್ಪದೆ, ಮ, ಗಾ, ಳೆ, ಲ ಅಂತ ಓದಿ ನನ್ನ ಮುಖ ನೋಡಿದಳು. "ಮಾಮಾ, ಇದು ಯಾವ ಪದ?" ದೊಡ್ಡವರು ಯಾರೂ ಅದನ್ನು ಬರೆದಂತೆ ಓದಲಿಲ್ಲ, ಓದೋಕೆ ಹೇಳಿದರೂ ಬಾಯಿ "ಮಳೆಗಾಲ" ಕಡೆಗೇ ಜಾರುತ್ತಿತ್ತು. ಅವಳ ಓದು ತಪ್ಪಲ್ಲ, ಅದು ಅಕ್ಷರದ ಮೇಲೆ ನಿಷ್ಠೆ ಇರುವ ಓದು. ಕನ್ನಡದ ಮಕ್ಕಳಿಗೆ ಅಕ್ಷರಗಳ ಹಿಡಿತ ಪೂರ್ತಿ ಬರಲು ಹಲವು ವರ್ಷ ಹಿಡಿಯುತ್ತದೆ ಅಂತ ಸೋನಾಲಿ ನಾಗ್ ಅವರ 2007ರ ಅಧ್ಯಯನ ಹೇಳುತ್ತದೆ. ಕಾಗುಣಿತ, ಒತ್ತು ಎಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು, ಇಪ್ಪತ್ತಾರರಲ್ಲಿ ಮುಗಿಯುವಂಥದ್ದಲ್ಲ. ಇಡೀ ಪದವನ್ನು ಒಂದೇ ನೋಟಕ್ಕೆ ಹಿಡಿಯುವ ಅಭ್ಯಾಸ ಅದರ ಮೇಲೆ ನಿಧಾನವಾಗಿ ಕೂರುತ್ತದೆ.

ಅವಳಿಗಾಗಿ ಸ್ಕ್ರಿಪ್ಟ್‌ಗೆ ಒಂದು ಆಯ್ಕೆ ಸೇರಿಸಿದ್ದೇನೆ. ಕಲೆಸುವ ಬದಲು ಪದದ ಒಂದು ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಿಡುತ್ತದೆ, ಮೊದಲು ಸ್ವರಚಿಹ್ನೆ ಮಾತ್ರ ಖಾಲಿ, ಆಮೇಲೆ ಒತ್ತು, ಆಮೇಲೆ ಪೂರ್ತಿ ಅಕ್ಷರ. ಚಿಕ್ಕಮ್ಮ ಆ ಹಾಳೆಗಳನ್ನು ನೋಡಿ ಪದಗಳ ಪಟ್ಟಿಯನ್ನೇ ಬದಲಿಸಲು ಹೇಳಿದ್ದಾರೆ. ವಿಕಿಪೀಡಿಯದ ಪದಗಳು ಐದನೇ ತರಗತಿಗೆ ಭಾರ ಅಂತೆ, ದಿನನಿತ್ಯದ ಪದ ಹಾಕಬೇಕಂತೆ: ಹೋಳಿಗೆ, ಮಲ್ಲಿಗೆ, ತೆಂಗಿನಕಾಯಿ, ಪಾಠಶಾಲೆ. ಅವರ ಪಟ್ಟಿ ಕೈಬರಹದಲ್ಲಿ ಬಂದಿದೆ, ಈ ವಾರ ಟೈಪ್ ಮಾಡುತ್ತಿದ್ದೇನೆ. "ಅರ್ಕಾವತ್ತಿರುವ ಪದ ಜಾಸ್ತಿ ಹಾಕೋ, ಮಕ್ಕಳು ಎಡವುವುದೇ ಅಲ್ಲಿ" ಅಂತ ಪಟ್ಟಿಯ ಕೊನೆಯಲ್ಲಿ ಬರೆದಿದ್ದಾರೆ. ಹಾಗಾಗಿ ಬಿಡಿಸುವ ನಿಯಮವನ್ನು "ಸೂರ್ಯ", "ಮಾರ್ಗ", "ವರ್ಷ", "ಕಾರ್ತಿಕ" ಇವುಗಳ ಮೇಲೆ ಇನ್ನೊಂದು ಸಲ ಓಡಿಸಿ ನೋಡಬೇಕು. ಬರೆಯುವಾಗ ರಕಾರ ಕೊನೆಗೆ ಬರುತ್ತದೆ, ಸಂಕೇತದಲ್ಲಿ ಮೊದಲಿರುತ್ತದೆ, ಖಾಲಿ ಚೌಕವನ್ನು ಯಾವ ಕಡೆ ಬಿಡಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.